ಕಲಿಸುತ್ತ ಕಲಿಯುವವರು

ಒಂದನೆಯ ತರಗತಿಗೆ ಪಾಠ ಹೇಳುವುದಕ್ಕೆ ಏನು ಮಹಾ ವಿದ್ಯೆ ಬೇಕು ಎನ್ನುವವರು ನಮ್ಮಲ್ಲಿ ಬಹಳ ಮಂದಿ. ವೈದ್ಯನಾಗಬೇಕಾದರೆ ಇಷ್ಟು ವರುಷ ಓದಬೇಕು, ಸೇತುವೆ ಕಟ್ಟಬೇಕಾದರೆ ಇಷ್ಟು ವರುಷ ಓದಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆರು ವರುಷದ ಮಗುವಿಗೆ ಅಕ್ಷರ ತಿದ್ದಿಸುವುದಕ್ಕೆ ಎರಡು ವರುಷದ ತರಬೇತಿ ಎಂದರೆ ಮಾತ್ರ ಹುಬ್ಬು ಮೇಲೇರುತ್ತದೆ. "ಅಷ್ಟನ್ನು ನಮ್ಮ ಅಜ್ಜಿಯೂ ಹೇಳಿಕೊಡುತ್ತಿದ್ದಳು" ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಅಜ್ಜಿ ಹೇಳಿಕೊಡುತ್ತಿದ್ದುದು ನಿಜವೇ. ಆದರೆ ಅಜ್ಜಿಯ ತೊಡೆಯ ಮೇಲೆ ಇರುತ್ತಿದ್ದುದು ಒಂದೇ ಮಗು. ಶಾಲೆಯ ಕೋಣೆಯಲ್ಲಿ ಇರುವುದು ಮೂವತ್ತು. ಮೂವತ್ತಕ್ಕೂ ಮೂವತ್ತು ಬಗೆಯ ಮನಸ್ಸು.

ಈ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. ಬಿ.ಎಡ್. ಪದವಿ ಪಡೆದವರು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಉಪಾಧ್ಯಾಯರಾಗಬಹುದು ಎಂದು ೨೦೧೮ರಲ್ಲಿ ಒಂದು ಅಧಿಸೂಚನೆ ಹೊರಟಿತು. ರಾಜಸ್ಥಾನದಲ್ಲಿ ಅದರ ಮೇಲೆ ವ್ಯಾಜ್ಯ ನಡೆದು, ೨೦೨೩ರ ಆಗಸ್ಟ್ ೧೧ರಂದು ದೆಹಲಿಯಲ್ಲಿ ತೀರ್ಪಾಯಿತು. ಚಿಕ್ಕ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಅದಕ್ಕೆ ಬೇಕಾದದ್ದು ಪ್ರಾಥಮಿಕ ಶಿಕ್ಷಣದ ಡಿಪ್ಲೊಮ, ಅದಕ್ಕಿಂತ ದೊಡ್ಡದೆನಿಸಿದ ಪದವಿಯಿದ್ದರೂ ಸಾಲದು ಎಂಬುದು ಆ ತೀರ್ಪಿನ ಸಾರ. ದೊಡ್ಡ ಪದವಿ ಚಿಕ್ಕ ಮಗುವಿನ ಮುಂದೆ ಕೆಲಸಕ್ಕೆ ಬಾರದೆ ಹೋಗಬಹುದೆಂದು ಬಾಣಂತಿಯರೂ ಬಾಲವಾಡಿಯ ಆಯಾಗಳೂ ಬಹುಕಾಲದಿಂದ ಬಲ್ಲರು. ನ್ಯಾಯಾಲಯವೂ ಅದನ್ನೇ ಹೇಳಿತೆಂಬುದು ಸಂತೋಷದ ವಿಷಯ.

ಈ ಡಿಪ್ಲೊಮಕ್ಕೆ ಓದುತ್ತಿರುವ ಹುಡುಗಿಯೊಬ್ಬಳು ಟಿ. ನಗರದಲ್ಲಿ ನಮ್ಮ ಬೀದಿಯಲ್ಲೇ ಇದ್ದಾಳೆ. ತಂದೆತಾಯಿ ಕುಂದಾಪುರದ ಕಡೆಯವರು. ಹೋಟೆಲಿನ ಉದ್ಯೋಗ ಹಿಡಿದು ಬಂದು ಇಲ್ಲೇ ನೆಲೆಸಿದವರು. ಹುಡುಗಿ ಹುಟ್ಟಿದ್ದೂ ಬೆಳೆದದ್ದೂ ಚೆನ್ನೈಯಲ್ಲಿ. ಬೋಧನಾಭ್ಯಾಸಕ್ಕೆಂದು ಅವಳನ್ನು ಸಮೀಪದ ಒಂದು ತಮಿಳು ಶಾಲೆಗೆ ಹಾಕಿದ್ದರು. ಸಂಜೆ ನಮ್ಮ ಮನೆಗೆ ಬಂದು, "ಅತ್ತಿಗೆ, ಸ್ವಲ್ಪ ಕಾಫಿ ಕೊಡಿ, ಗಂಟಲು ಹೋಗಿದೆ" ಎಂದು ಕುಳಿತರೆ ಅಂದಿನ ವಾರ್ತೆಗಳೆಲ್ಲ ಹೊರಬೀಳುತ್ತಿದ್ದವು. ಅವುಗಳಲ್ಲಿ ಕೆಲವನ್ನು ಓದುಗರ ಮುಂದಿಡಲು ಅವಳ ಅಪ್ಪಣೆಯನ್ನು ಪಡೆದಿದ್ದೇವೆ. ಹೆಸರು ಹಾಕಕೂಡದೆಂಬುದು ಕರಾರು.

ಅವಳಿಗೆ ಕೊಟ್ಟ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಕೂಡಿಯೇ ಕುಳಿತಿದ್ದರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳು ಹಿಂದೆ ಬಿದ್ದರೆಂದು ತಮಿಳುನಾಡಿನ ಸರಕಾರ ೨೦೨೨ರಲ್ಲಿ 'ಎಣ್ಣುಂ ಎಳುತ್ತುಂ', ಅಂದರೆ ಅಂಕಿಯೂ ಅಕ್ಷರವೂ, ಎಂಬ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಮಕ್ಕಳನ್ನು ವಿಂಗಡಿಸುವುದು ವಯಸ್ಸಿಗಿಂತ ಹೆಚ್ಚಾಗಿ ಕಲಿಕೆಯ ಮಟ್ಟವನ್ನು ನೋಡಿ. ಮಟ್ಟಗಳಿಗೆ ಇಟ್ಟ ಹೆಸರುಗಳು ಮುದ್ದಾಗಿವೆ: ಅರುಂಬು, ಮೊಟ್ಟು, ಮಲರ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಳೆಮೊಗ್ಗು, ಬಿರಿಮೊಗ್ಗು, ಹೂವು. ಮೂರನೆಯ ತರಗತಿಯ ಹುಡುಗನಾದರೂ ಓದು ಬಾರದಿದ್ದರೆ ಎಳೆಮೊಗ್ಗಿನ ಸಾಲಿನಲ್ಲೇ ಕುಳಿತು ಕಲಿಯಬೇಕು.

ಮೊದಲ ಪಾಠ 'ಪ' ಎಂಬ ಅಕ್ಷರ. ಹಿಂದಿನ ರಾತ್ರಿ ಹನ್ನೊಂದರವರೆಗೆ ಕುಳಿತು ಪಾಠಟಿಪ್ಪಣಿ ಬರೆದಿದ್ದಳು. ಪ್ರೇರಣೆಗೆ ಐದು ನಿಮಿಷ, ಪಾಠಕ್ಕೆ ಇಪ್ಪತ್ತು, ಅಭ್ಯಾಸಕ್ಕೆ ಹತ್ತು, ಮೌಲ್ಯಮಾಪನಕ್ಕೆ ಐದು. ಒಟ್ಟು ನಲವತ್ತು ನಿಮಿಷ. ಪ್ರೇರಣೆಗೆಂದು ತಮಿಳಿನ ಪಂದು, ಎಂದರೆ ಚೆಂಡು, ಒಂದನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಚೆಂಡು ಹೊರಬಂದ ಮೇಲೆ ಅಕ್ಷರವನ್ನು ನೋಡುವವರು ಯಾರು? ಒಬ್ಬನ ಕೈಯಿಂದ ಇನ್ನೊಬ್ಬಳ ಕೈಗೆ, ಅಲ್ಲಿಂದ ಬೀರುವಿನ ಅಡಿಗೆ, ಅಲ್ಲಿಂದ ಜಗಲಿಗೆ ಉರುಳಿತು. "ಮಿಸ್, ಇವನ್ ಕೊಡುಕ್ಕ ಮಾಟ್ಟೇನ್ರಾನ್" ಎಂದು ನಾಲ್ಕು ಕಡೆಯಿಂದ ದೂರು. ಐದು ನಿಮಿಷಕ್ಕೆಂದು ಬರೆದಿದ್ದ ಪ್ರೇರಣೆ ನಲವತ್ತು ನಿಮಿಷವೂ ನಡೆಯಿತು. ಕರಿಹಲಗೆಯ ಮೇಲಿನ 'ಪ' ಒಂಟಿಯಾಗಿ ನಿಂತಿತ್ತು.

"ಅಣ್ಣ, ನನಗೆ ಈ ಕೆಲಸ ಒಗ್ಗುವುದಿಲ್ಲ. ಬೇರೆ ಏನಾದರೂ ಓದುತ್ತೇನೆ" ಎಂದಳು ಆ ವಾರದ ಕೊನೆಗೆ. ಇದು ಹುಡುಗಾಟದ ಮಾತಾಗಿರಲಿಲ್ಲ. ತಂದೆ ಒಂದು ವರುಷದ ಶುಲ್ಕ ಕಟ್ಟಿದ್ದರು. ಬಿಟ್ಟರೆ ಅದು ಹೋದಂತೆ. ಇದ್ದರೆ ದಿನವೂ ಮೂವತ್ತು ಮಕ್ಕಳ ಮುಂದೆ ಸೋಲಬೇಕು.

ಅವಳನ್ನು ಉಳಿಸಿದ್ದು ಆ ಕೋಣೆಯ ಹಿರಿಯ ಉಪಾಧ್ಯಾಯಿನಿ. ಆಕೆ ಉಪದೇಶವೇನೂ ಮಾಡಲಿಲ್ಲವಂತೆ. "ನಾಳೆಯಿಂದ ಒಂದು ವಾರ ನೀನು ಪಾಠ ಮಾಡಬೇಡ. ನೆಲದ ಮೇಲೆ ಮಕ್ಕಳ ನಡುವೆ ಕುಳಿತುಕೊ. ಯಾರು ಏನು ಮಾಡುತ್ತಾರೆ ಎಂಬುದನ್ನು ನೋಡಿ ದಿನಕ್ಕೆ ಒಂದು ಪುಟ ಬರೆ" ಎಂದರಂತೆ, ಅಷ್ಟೇ. ನೋಡುವುದೂ ಒಂದು ಕೆಲಸವೆ ಎಂದು ಮುಖ ಸಣ್ಣದು ಮಾಡಿಕೊಂಡೇ ಕುಳಿತಳು.

ಮೂಲೆಯಲ್ಲಿ ಒಂದು ಹೆಣ್ಣು ಮಗು ಕೂರುತ್ತಿತ್ತು. ಬಿಹಾರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಶಾಲೆಗೆ ಸೇರಿ ತಿಂಗಳು ಕಳೆದರೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ಹುಡುಗಿ ಟಿ. ನಗರದವಳಲ್ಲವೆ! ೧೯೧೮ರಲ್ಲಿ ಗಾಂಧೀಜಿ ಸ್ಥಾಪಿಸಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ಇರುವುದೇ ಇಲ್ಲಿ; ಅದರ ಎರಡು ಪರೀಕ್ಷೆಗಳನ್ನು ಪಾಸು ಮಾಡಿದ ಧೈರ್ಯದಿಂದ ಮಗುವನ್ನು ಶುದ್ಧ ಹಿಂದಿಯಲ್ಲಿ ಮಾತನಾಡಿಸಿದಳು. ಮನೆಯಲ್ಲಿ ಭೋಜಪುರಿ ಆಡುವ ಆ ಮಗು ಇವಳ ಪುಸ್ತಕದ ಹಿಂದಿಗೆ ಇನ್ನಷ್ಟು ಬೆದರಿ ಗೋಡೆಗೆ ಒತ್ತಿಕೊಂಡಿತು.

ಮೂರನೆಯ ದಿನ ನಡೆದದ್ದು ಹೀಗೆ. ಮೂರನೆಯ ತರಗತಿಯ ಒಬ್ಬ ಹುಡುಗ, ದಿನಕ್ಕೆ ಹತ್ತು ದೂರು ತರಿಸುವವನು, ಓದು ಬಾರದೆ ಎಳೆಮೊಗ್ಗಿನ ಸಾಲಿನಲ್ಲಿ ಕುಳಿತವನು, ತನ್ನ ನೀರಿನ ಬಾಟಲಿಗೆ ಬೆರಳದ್ದಿ ನೆಲದ ಮೇಲೆ 'ಪ' ಬರೆದ. ಫ್ಯಾನಿನ ಗಾಳಿಗೆ ಅದು ಆರಿಹೋಯಿತು. ಮತ್ತೆ ಬರೆದ, ಮತ್ತೆ ಆರಿತು. ಮೂಲೆಯ ಮಗು ನೋಡುತ್ತಿತ್ತು. ಹುಡುಗ ಏನೂ ಹೇಳದೆ ಬಾಟಲಿಯನ್ನು ಅವಳ ಕಡೆಗೆ ಸರಿಸಿದ. ಅವಳೂ ಬೆರಳದ್ದಿದಳು. ಗೆರೆ ಸೊಟ್ಟಗೆ ಬಂತು. ಅವನು ಅವಳ ಬೆರಳು ಹಿಡಿದು ಕೆಳಗೆ, ಅಡ್ಡ, ಮೇಲೆ ಎಂದು ಎಳೆಸಿದ. ನಮ್ಮ ಹುಡುಗಿ ಸಂಭ್ರಮದಿಂದ ಎದ್ದು ಹತ್ತಿರ ಹೋಗಬೇಕೆನ್ನುವಷ್ಟರಲ್ಲಿ ಹಿರಿಯ ಉಪಾಧ್ಯಾಯಿನಿ ದೂರದಿಂದಲೇ ಕೈ ಅಡ್ಡ ಹಿಡಿದರು. ನೀನು ಹೋದರೆ ಅದು ಪಾಠವಾಗುತ್ತದೆ, ಹೋಗದಿದ್ದರೆ ಕಲಿಕೆಯಾಗುತ್ತದೆ ಎಂದು ಆಮೇಲೆ ಹೇಳಿದರಂತೆ. ಹತ್ತು ನಿಮಿಷದಲ್ಲಿ ಬಾಟಲಿ ಬರಿದಾಯಿತು. ಆಗ ಆ ಮಗು ಮೊದಲ ಬಾರಿಗೆ ಬಾಯಿ ತೆರೆಯಿತು: "ತಣ್ಣಿ!" ನೀರು ಎಂಬ ತಮಿಳು ಮಾತು.

ಇದಕ್ಕಿಂತ ಆಶ್ಚರ್ಯದ್ದು ಆ ಹುಡುಗನ ವಿಷಯ. ದಿನವೂ ಆ ಮಗುವಿಗೆ ಒಂದು ಅಕ್ಷರ ತೋರಿಸಬೇಕಾದ್ದರಿಂದ, ತನಗೆ ಬಾರದ ಅಕ್ಷರವನ್ನು ಉಪಾಧ್ಯಾಯಿನಿಯ ಬಳಿ ಕೇಳಿಕೊಂಡು ಹೋಗತೊಡಗಿದ. ಮೂರು ವರುಷ ಕಲಿಯದೆ ಕುಳಿತವನು, ಕಲಿಸಬೇಕಾಗಿ ಬಂದುದರಿಂದ ಕಲಿತ. ಡಿಪ್ಲೊಮ ಬಿಡುವ ಮಾತನ್ನು ನಮ್ಮ ಹುಡುಗಿ ಮತ್ತೆ ಎತ್ತಲಿಲ್ಲ.

ಇದನ್ನು ಕೇಳಿದಾಗ ಇದೇ ಊರಿನಲ್ಲಿ ಇನ್ನೂರು ವರುಷಕ್ಕೂ ಹಿಂದೆ ನಡೆದ ಒಂದು ಸಂಗತಿ ನಮಗೆ ನೆನಪಾಯಿತು. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ೧೭೮೭ರಲ್ಲಿ ಮದರಾಸಿಗೆ ಬಂದು, ೧೭೮೯ರಲ್ಲಿ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಇದ್ದ ಶಾಲೆಯ ಮೇಲ್ವಿಚಾರಕನಾದ. ಒಂದು ದಿನ ಕುದುರೆಯ ಮೇಲೆ ಹೋಗುತ್ತಿದ್ದಾಗ ಬೀದಿಬದಿಯ ನಾಡಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದುದನ್ನು ಕಂಡ. ತನ್ನ ಶಾಲೆಯಲ್ಲೂ ಹೀಗೆಯೇ ಮಾಡಿರೆಂದು ಉಪಾಧ್ಯಾಯರಿಗೆ ಹೇಳಿದ. ಅವರು ಆಗದ ಮಾತೆಂದು ಬಿಟ್ಟರು. ಆಗ ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕನ್ ಎಂಬ, ಸುಮಾರು ಎಂಟು ವರುಷದ ಒಬ್ಬ ವಿದ್ಯಾರ್ಥಿಗೇ ವಹಿಸಿದ. ದೊಡ್ಡವರಿಂದ ಆಗದಿದ್ದುದು ಆ ಹುಡುಗನಿಂದ ಆಯಿತು. ೧೭೯೬ರಲ್ಲಿ ಸ್ವದೇಶಕ್ಕೆ ಮರಳಿದ ಬೆಲ್, ಮರುವರುಷ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚುಮಾಡಿಸಿದ. ಮಕ್ಕಳೇ ಮಕ್ಕಳಿಗೆ ಕಲಿಸುವ ಈ ಕ್ರಮ ಇಂಗ್ಲೆಂಡಿನಲ್ಲಿ 'ಮದರಾಸ್ ಪದ್ಧತಿ' ಎಂದೇ ಪ್ರಸಿದ್ಧವಾಯಿತು. ಬೋಧನಾಭ್ಯಾಸಕ್ಕೆ ನಿಂತ ಪ್ರತಿಯೊಬ್ಬ ಶಿಕ್ಷಣಾರ್ಥಿಯೂ ಎಗ್ಮೋರಿನ ಆ ಎಂಟು ವರುಷದ ಪೋರನಿಗೆ ಒಂದು ನಮಸ್ಕಾರ ಸಲ್ಲಿಸಬಹುದು.

ಬೆಲ್ ಕಂಡದ್ದು ಹೊಸದೇನೂ ಅಲ್ಲ. ನಮ್ಮ ಕನ್ನಡದ ಕೂಲಿಮಠಗಳಲ್ಲೂ ನಡೆಯುತ್ತಿದ್ದುದು ಅದೇ. ಇದಕ್ಕೆ ಸರಕಾರಿ ದಾಖಲೆಯೇ ಇದೆ. ಗವರ್ನರ್ ತಾಮಸ್ ಮನ್ರೋ ೧೮೨೨ರಲ್ಲಿ ಮದರಾಸು ಪ್ರಾಂತದ ಶಾಲೆಗಳ ಲೆಕ್ಕ ತೆಗೆಸಿದಾಗ ೧೨,೪೯೮ ಶಾಲೆಗಳೂ ೧,೮೮,೬೫೦ ವಿದ್ಯಾರ್ಥಿಗಳೂ ಕಂಡುಬಂದರು. ಬಳ್ಳಾರಿ ಆಗ ಈ ಪ್ರಾಂತಕ್ಕೇ ಸೇರಿತ್ತು. ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಬಹಳ ಸ್ವಾರಸ್ಯವಾದದ್ದು. ಆ ಜಿಲ್ಲೆಯ ೫೩೩ ಶಾಲೆಗಳಲ್ಲಿ ೨೩೫ ಕನ್ನಡದವು. ಕೆಳಗಿನ ವರ್ಗದವರಿಗೆ ಮೇಲಿನ ವರ್ಗದ ಹುಡುಗರು ಹೇಳಿಕೊಡುವರು. ಐಗಳ ಕಣ್ಣು ಇಡೀ ಶಾಲೆಯ ಮೇಲೆ. ಮೊದಲು ಮರಳಿನಲ್ಲಿ ಬೆರಳು, ಅನಂತರ ಹಲಗೆ ಅಥವಾ ಕಡತದ ಮೇಲೆ ಬಳಪ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟನ್ನು ಬಳಿದ ಬಟ್ಟೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಈಗ ಕರ್ನಾಟಕದ ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತಾರೆ. ಮಕ್ಕಳ ಕಡತದಲ್ಲಿ ತಪ್ಪನ್ನು ಒರೆಸಬಹುದಾಗಿತ್ತು. ಕಚೇರಿಯ ಕಡತದಲ್ಲಿ ಆ ಸೌಕರ್ಯವಿಲ್ಲವೆಂದು ಗುಮಾಸ್ತೆಗಳಾದ ನಾವು ನಿಟ್ಟುಸಿರು ಬಿಡಬೇಕಷ್ಟೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಪೆಟ್ಟು ಪೆಟ್ಟೇ. ಅರ್ಥವಾಗದ ಪದ್ಯಗಳನ್ನು ಗಿಣಿಯಂತೆ ಒಪ್ಪಿಸುವುದನ್ನು ಕ್ಯಾಂಬೆಲ್ ಕೂಡ ಆಕ್ಷೇಪಿಸಿದ್ದ. ಆ ಜಿಲ್ಲೆಯ ೬,೬೪೧ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಬರಿಯ ಅರುವತ್ತು. ಆ ಲೆಕ್ಕದಲ್ಲಿ ನಮ್ಮ ಬೀದಿಯ ಹುಡುಗಿಗೂ ಬಿಹಾರದ ಆ ಮಗುವಿಗೂ ಜಾಗ ಸಿಗುತ್ತಿದ್ದುದು ಸಂಶಯವೇ. ಆದರೂ ಕಲಿತವನು ಕಲಿಯುವವನಿಗೆ ಹೇಳಿಕೊಟ್ಟರೆ ಇಬ್ಬರೂ ಬೆಳೆಯುತ್ತಾರೆಂಬ ಒಂದು ಸತ್ಯ ಅಲ್ಲಿತ್ತು. ಕಲೆಕ್ಟರನೂ ಅದನ್ನು ಮನಸಾರೆ ಮೆಚ್ಚಿ ಬರೆದ.

ಆ ಸತ್ಯ ಸುತ್ತಾಡಿಕೊಂಡು ನಮ್ಮ ಕಾಲದಲ್ಲಿ ಮತ್ತೆ ಮನೆಗೆ ಬಂದಿದೆ. ಆಂಧ್ರದ ಮದನಪಲ್ಲಿಯ ಬಳಿ ಇರುವ ಋಷಿ ವ್ಯಾಲಿಯವರು ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಿಗಾಗಿ ಚೀಟಿಗಳ ಮೂಲಕ ಕಲಿಯುವ ಒಂದು ಕ್ರಮವನ್ನು ರೂಪಿಸಿದರು. ಮಗು ತನ್ನ ಚೀಟಿಯನ್ನು ತಾನೇ ಎತ್ತಿಕೊಂಡು, ತನ್ನ ವೇಗದಲ್ಲಿ, ಗೆಳೆಯರ ನೆರವಿನಿಂದ ಕಲಿಯುತ್ತ ಏಣಿಯಂತೆ ಮೇಲೇರುವುದು ಆ ಕ್ರಮ. ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆ ತಾಲ್ಲೂಕಿನ ಉಪಾಧ್ಯಾಯರು ಅಲ್ಲಿಗೆ ಹೋಗಿ ನೋಡಿಬಂದು, ೧೯೯೫ರಲ್ಲಿ ತಮ್ಮ ಶಾಲೆಗಳಲ್ಲಿ 'ನಲಿ-ಕಲಿ' ಎಂಬ ಹೆಸರಿನಿಂದ ಅದನ್ನು ನಡೆಸತೊಡಗಿದರು. ೨೦೦೩ರಲ್ಲಿ ನಮ್ಮ ಚೆನ್ನೈ ಕಾರ್ಪೊರೇಷನ್ನಿನ ಹದಿಮೂರು ಶಾಲೆಗಳಲ್ಲೂ ಇಂಥದೇ ಪ್ರಯೋಗ ಆರಂಭವಾಗಿ ಮುಂದೆ ತಮಿಳುನಾಡಿಗೆಲ್ಲ ಹಬ್ಬಿತು. ಅಂದು ಮಗುವಿಗೆ ಎಟುಕುವ ಎತ್ತರದಲ್ಲಿ ಗೋಡೆಯ ಸುತ್ತ ಕರಿಹಲಗೆ ಬಳಿಸಿದರು. ಉಪಾಧ್ಯಾಯರು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು.

ಇಷ್ಟೆಲ್ಲವನ್ನೂ ನಮ್ಮ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವುಂಟು. ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು. ಊರಿನಿಂದ ಬಂದ ಲಗ್ನಪತ್ರಿಕೆಯನ್ನು ಎತ್ತಿ, "ಅಪ್ಪ, ಯಾರ ಮದುವೆ?" ಎಂದು ನಮ್ಮ ಕೈಗೆ ಕೊಡುತ್ತಾರೆ. ಅಜ್ಜಿ ಬರೆದಿಟ್ಟ ಅಡಿಗೆಯ ಪುಸ್ತಕ ಮೊಮ್ಮಗಳಿಗೆ ಬರಿಯ ಚಿತ್ತಾರ. ಹೀಗೆಯೇ ಹೋದರೆ ಇನ್ನು ಇಪ್ಪತ್ತು ವರುಷಕ್ಕೆ ಈ ತ್ರೈಮಾಸಿಕವನ್ನು ಬಿಡಿಸಿ ಓದುವವರು ಯಾರು?

ತಪ್ಪನ್ನು ಸರಕಾರದ ಮೇಲೆ ಹೊರಿಸಿ ಕೂರುವುದು ಸುಲಭ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯ ಅನುಕೂಲ ಕಲ್ಪಿಸಬೇಕೆಂದು ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿ ಹೇಳುತ್ತದೆ. ಇತ್ತ ತಮಿಳುನಾಡಿನ ೨೦೦೬ರ ಶಾಸನ ಒಂದನೆಯ ತರಗತಿಯಿಂದ ಆರಂಭಿಸಿ ವರುಷಕ್ಕೊಂದು ಮೆಟ್ಟಿಲಿನಂತೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ನಮಗೆ ಅನ್ನ ಕೊಟ್ಟ ನುಡಿ. ಅದನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಹೆಸರಿನ ಶಾಲೆಯೇ ಇದೆ. ಆದರೆ ಈ ಊರಿನ ಕನ್ನಡದ ಮಕ್ಕಳೆಲ್ಲರನ್ನೂ ಒಂದು ಶಾಲೆ ತುಂಬಿಕೊಳ್ಳಲಾರದು. ಕನ್ನಡದ ಅಕ್ಷರ ಮನೆಯಲ್ಲೇ ಆಗಬೇಕು. ಯಾರಿಂದ? ತಂದೆಗೆ ಪುರಸೊತ್ತಿಲ್ಲ, ತಾಯಿಗೆ ಬಿಡುವಿಲ್ಲ. ಇದ್ದಾರಲ್ಲ, ಅಕ್ಕ ಮತ್ತು ಅಣ್ಣ!

ನಮ್ಮ ಹುಡುಗಿಯನ್ನು ಕೇಳಿ ಒಂದು ಸರಳವಾದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ. ಅ ಆ ಇ ಈ ಎಂದು ಆರಂಭಿಸಿದರೆ ಮಗು ಒಂದು ಮಾತನ್ನು ಓದುವ ಹೊತ್ತಿಗೆ ಬೇಸತ್ತಿರುತ್ತದೆ. ನಲಿ-ಕಲಿಯವರು ಮೊದಲು ಕೊಡುವುದು ಐದೇ ಅಕ್ಷರ: ರ, ಗ, ಸ, ದ, ಅ. ದೀರ್ಘವಿಲ್ಲ, ಒತ್ತಿಲ್ಲ, ಕೊಂಬಿಲ್ಲ. ಐದು ಬಂದೊಡನೆ ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಎಲ್ಲವೂ ಓದಲು ಬಂದವು. ಮೊದಲ ವಾರವೇ ಓದಿದ ಸುಖ! ಮುಂದಿನ ಐದು ಜ, ವ, ಮ, ಬ, ನ. ಆಗ ಮರ, ಜನ, ವನ, ಬಸವ. ಅಷ್ಟೇ ಅಲ್ಲ, ನಗರ. ಟಿ. ನಗರದ ಮಗು ತನ್ನ ನಗರದ ಹೆಸರನ್ನು ಕನ್ನಡದಲ್ಲಿ ಓದುವುದಕ್ಕೆ ಎರಡು ವಾರ ಸಾಕು.

ವಿಜಯದಶಮಿಯ ಅಕ್ಷರಾಭ್ಯಾಸದ ದಿನದಂತೆ ತಟ್ಟೆಯಲ್ಲಿ ಅಕ್ಕಿ ಹರಡಿ. ಹಿರಿಯ ಮಗು ಕಿರಿಯದರ ಬೆರಳು ಹಿಡಿದು ತಿದ್ದಿಸಲಿ. ಹಿರಿಯದಕ್ಕೂ ಅಕ್ಷರ ಬಾರದೆ? ಚಿಂತೆಯಿಲ್ಲ, ಕಿರಿಯದಕ್ಕಿಂತ ಒಂದು ವಾರ ಮುಂದಿದ್ದರೆ ಸಾಕು. ಶನಿವಾರ ತಾನು ನಿಮ್ಮಿಂದ ಕಲಿತು ಭಾನುವಾರ ತಮ್ಮನಿಗೋ ತಂಗಿಗೋ ಹೇಳಿಕೊಡಲಿ. ಕಾಲು ಗಂಟೆ ಮೀರಬಾರದು. ಒಂದೇ ಮಗುವಿರುವ ಮನೆಯವರು ಪಕ್ಕದ ಕನ್ನಡ ಮನೆಯ ಮಗುವನ್ನು ಕರೆಯಬಹುದು. ಮೊದಲು ಬಂದು ಕುಳಿತ ಮಗುವಿನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯಿರಿ; ಪೆಟ್ಟಿನ ಲೆಕ್ಕವನ್ನು ಮಾತ್ರ ಬಳ್ಳಾರಿಗೇ ಬಿಟ್ಟುಬಿಡಿ.

ತಂದೆತಾಯಿಗಳಿಗೆ ಒಂದೇ ಒಂದು ಕಠಿಣವಾದ ನಿಯಮ. ಮಕ್ಕಳು ಹೇಳಿಕೊಡುತ್ತಿರುವಾಗ ನಡುವೆ ಬಾಯಿ ಹಾಕಬಾರದು. "ಅಯ್ಯೋ, ಸ ಹಾಗಲ್ಲ ಮರೀ" ಎಂದು ನಾವು ಒಮ್ಮೆ ನುಗ್ಗಿದೆವೋ, ಆಟ ಮುರಿಯಿತು. ಹಿರಿಯದು ಮುನಿಸಿಕೊಂಡು ಎದ್ದು ಹೋಗುತ್ತದೆ, ಕಿರಿಯದು ಅಕ್ಕಿಯನ್ನು ಚೆಲ್ಲುತ್ತದೆ. ತಪ್ಪಿದ್ದರೆ ರಾತ್ರಿ ಹಿರಿಯ ಮಗುವಿಗೆ ಮಾತ್ರ ಮೆಲ್ಲಗೆ ತಿಳಿಸಿ. ಮರುದಿನ ಅದು ತಾನೇ ತಿದ್ದಿಕೊಂಡು ಹೇಳಿಕೊಡುತ್ತದೆ. ಅದರ ಗೌರವವೂ ಉಳಿಯಿತು, ಅಕ್ಷರವೂ ಉಳಿಯಿತು.

ಕನ್ನಡದ ವರ್ಣಮಾಲೆ ೪೯ ಅಕ್ಷರ. ವಾರಕ್ಕೆ ಐದರಂತೆ ಹತ್ತು ಭಾನುವಾರ. ಎರಡು ಸಂಚಿಕೆಗಳ ನಡುವೆ ಇರುವುದು ಹದಿಮೂರು ಭಾನುವಾರ. ಮದುವೆ, ಮಳೆ, ನೆಗಡಿಗಳಿಗೆ ಮೂರನ್ನು ಬಿಟ್ಟರೂ ಲೆಕ್ಕ ಸರಿಹೋಗುತ್ತದೆ. ಕಾಗುಣಿತವೂ ಒತ್ತಕ್ಷರವೂ ಅನಂತರದ ಮಾತು. ಮುಂದಿನ ಸಂಚಿಕೆಯನ್ನು ಅಂಚೆಯವನು ತಂದುಕೊಟ್ಟಾಗ ಮೊದಲು ಅದನ್ನು ಮಕ್ಕಳ ಕೈಗೆ ಕೊಡಿ. ಹೊದಿಕೆಯ ಮೇಲೆ ತಮಗೆ ಗುರುತು ಸಿಕ್ಕ ಅಕ್ಷರಗಳನ್ನು ಅಕ್ಕ ತೋರಿಸಲಿ, ತಮ್ಮ ಓದಲಿ.